ಹೊಂಗೆ ಮರದ ಈಚೆಗಿನ ಕಲ್ಲು

ಹೈಕೋರ್ಟಿನ ನೋಟಿಸನ್ನು ತಾನೇ ಹೋಗಿ ಎದುರಾಳಿಯ ಕೈಗೆ ಕೊಟ್ಟು ಬರುತ್ತೇನೆ ಎಂದಾಗ ಲಾಯರ್ ಪಂಕಜ ಕನ್ನಡಕದ ಮೇಲಿಂದ ಯಾಮಿನಿಯನ್ನು ನೋಡಿದ್ದರು. "ಕೊಟ್ಟು ಸೈನ್ ಹಾಕಿಸ್ಕೊಂಡು ಬಾಮ್ಮ, ಅಷ್ಟೆ. ಜಗಳ ಆಡ್ಬೇಡ."

ಜಗಳ ಆಡದೆ ಇರುವುದು ಹೇಗೆ? ಚಿಂತಾಮಣಿ ತಾಲ್ಲೂಕಿನಲ್ಲಿ ಐದು ವರ್ಷ ಲೈಸೆನ್ಸ್ ಪಡೆದ ಸರ್ವೇಯರ್ ಆಗಿ ಬಿಸಿಲೆನ್ನದೆ ಹೊಲ ಅಳೆದವಳು ಅವಳು. ಮುರಳಿಮೋಹನ್ ಎಂಬ ರೈತ ಒಂದೇ ಒಂದು ಹಾಳೆ ದೂರು ಬರೆದಿದ್ದ. 'ಜಮೀನಿಗೆ ಕಾಲೇ ಇಡದೆ ಮನೆಯಲ್ಲಿ ಕೂತು ನಕ್ಷೆ ಬರೆದಿದ್ದಾರೆ, ಅದರ ಮೇಲಿರುವ ನಮ್ಮ ಅಜ್ಜಿಯ ಹೆಬ್ಬೆಟ್ಟೂ ಸುಳ್ಳು.' ಅಷ್ಟಕ್ಕೇ ಇಲಾಖೆ ಅವಳನ್ನು ಒಂದು ಮಾತೂ ಕೇಳದೆ ಲೈಸೆನ್ಸ್ ರದ್ದು ಮಾಡಿಬಿಟ್ಟಿತ್ತು. ಅದನ್ನು ಪ್ರಶ್ನಿಸಿಯೇ ಈ ಕೇಸು.

ನಾಲ್ಕು ತಿಂಗಳಿಂದ ಅಳತೆಯ ಯಂತ್ರ ಮಂಚದ ಕೆಳಗಿತ್ತು. ಯಾಮಿನಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಗಿಲಿಂದ ಒಲೆಗೆ ಹದಿನಾಲ್ಕು ಹೆಜ್ಜೆ, ಒಲೆಯಿಂದ ಹಿತ್ತಿಲಿಗೆ ಒಂಬತ್ತು. "ನೆಲ ಸವೀತದೆ ಕಣೇ" ಎಂದು ಅಮ್ಮ ಗೊಣಗುತ್ತಿದ್ದರು.

ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿ ಮುರಳಿಮೋಹನನ ಮನೆ. ಹೆಗಲ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದವನು ಅಂಗಳದಲ್ಲಿ ನಿಂತಿದ್ದವಳನ್ನು ಕಂಡು ಹೊರೆ ಇಳಿಸುವುದನ್ನೇ ಮರೆತ. ಸೊಪ್ಪಿನ ಸಂದಿಯಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಕೋಪದಲ್ಲಿ ಬಂದಿದ್ದ ಯಾಮಿನಿಗೂ ಆ ಕಣ್ಣುಗಳು ಚೆನ್ನಾಗಿವೆ ಅನ್ನಿಸಿತು. ಅನ್ನಿಸಿದ್ದಕ್ಕೆ ಕೋಪ ಇನ್ನಷ್ಟು ಹೆಚ್ಚಾಯಿತು.

"ಮುರಳಿಮೋಹನ್ ಅಂದ್ರೆ ನೀವೇನಾ? ತಗೊಳ್ಳಿ, ಹೈಕೋರ್ಟ್ ನೋಟಿಸ್. ಇಲ್ಲಿ ಸೈನ್ ಹಾಕಿ."

"ನೀವು ಲಾಯರಾ?"

"ನಾನು ಯಾಮಿನಿ. ನಿಮ್ಮ ಹೊಲಕ್ಕೆ ಕಾಲೇ ಇಡದ ಸರ್ವೇಯರ್."

ಹೊರೆ ದೊಪ್ಪೆಂದು ನೆಲಕ್ಕೆ ಬಿತ್ತು. "ನೋಡಿ ಮೇಡಂ, ಅವತ್ತು ನಾನು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್‌ಗೆ ಹೋಗಿದ್ದೆ. ಪಕ್ಕದ ಹೊಲದ ಆವುಲಪ್ಪ ಸರ್ವೆಗೆ ಅರ್ಜಿ ಹಾಕಿದ್ದು ಗೊತ್ತಿತ್ತು. ಬಂದವನೇ ಅಜ್ಜೀನ ಕೇಳಿದೆ, ಸರ್ವೇಯರ್ ಬಂದಿದ್ರಾ ಅಂತ. ಯಾರೂ ಬರ್ಲಿಲ್ಲ ಅಂದ್ರು. ನಮ್ಮಜ್ಜಿ ಸುಳ್ಳು ಹೇಳೋರಲ್ಲ."

"ನಾನೂ ಅಲ್ಲ!"

ಗಲಾಟೆ ಕೇಳಿ ಅಜ್ಜಿ ಅಮ್ಮಾಜಮ್ಮ ಕೋಲೂರಿಕೊಂಡು ಹೊರಗೆ ಬಂದರು. ಯಾಮಿನಿಯನ್ನು ನೋಡಿದ್ದೇ ಮುಖ ಅರಳಿತು, ತೆಲುಗು ಬೆರೆಸಿ ಅಕ್ಕರೆಯಿಂದ ಕರೆದರು. "ಬಂದ್ಯಾ ತಲ್ಲಿ! ರಾಮ್ಮ, ರಾ. ಮುರಳಿ, ಈ ಮಗೂನೇ ಕಣೋ ನಾನು ಹೇಳಿದ್ದು. ಅವತ್ತು ಬಿಸಿಲಲ್ಲಿ ಹೊಲವೆಲ್ಲ ತಿರುಗ್ತಿತ್ತು ಪಾಪ. ಮಜ್ಜಿಗೆ ಕೊಟ್ಟು, ಕುಂಕುಮ ಇಟ್ಟು, ರವಿಕೆ ಕಣ ಕೊಟ್ಟು ಕಳಿಸಿದೆ."

ಮುರಳಿ ಅಜ್ಜಿಯ ಕಡೆ ತಿರುಗಿದ. "ಅಜ್ಜಿ, ಅದು ಆವುಲಪ್ಪನ ಮನೆ ನೆಂಟ್ರ ಹುಡುಗಿ ಅಂದ್ಯಲ್ಲ?"

"ಮತ್ತೆ? ಅಲ್ವಾ?"

"ಇವ್ರೇ ಸರ್ವೇಯರ್ ಅಜ್ಜಿ!"

"ಹೋಗೋ! ಸರ್ವೇಯರಪ್ಪ ಅಂದ್ರೆ ಸರಪಳಿ ಎಳ್ಕೊಂಡು, ಮೀಸೆ ಬಿಟ್ಕೊಂಡು ಬರ್ತಾರೆ. ಈ ಮಗು ಬಳೆ ಹಾಕ್ಕೊಂಡಿತ್ತು. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಅಜ್ಜಿ ಅಂತು, ಮುದ್ದಾಗಿ ಕೇಳ್ತಲ್ಲ ಅಂತ ಒತ್ತಿದೆ."

ಯಾಮಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ರವಿಕೆ ಕಣ ಇನ್ನೂ ಅವಳ ಬೀರುವಿನಲ್ಲಿತ್ತು. ಐದು ವರ್ಷದ ದುಡಿಮೆಯನ್ನು ನುಂಗಿದ್ದು ಹಗೆಯಲ್ಲ, ಈ ಮುದುಕಿಯ ಅಕ್ಕರೆ.

"ಇದನ್ನ ಕೋರ್ಟಲ್ಲಿ ಬರೆದು ಕೊಡ್ತೀರಾ?" ಎಂದಳು.

ಅವನು ಹೊಲದ ಕಡೆ ನೋಡಿದ. ಬದುವಿನಲ್ಲೊಂದು ದೊಡ್ಡ ಹೊಂಗೆ ಮರ. ಅವನ ತಾತ ನೆಟ್ಟದ್ದು. "ನಿಮ್ಮ ನಕ್ಷೆ ಸರಿ ಅಂತ ಬರ್ಕೊಟ್ರೆ ಆ ಮರ ಆವುಲಪ್ಪನಿಗೆ ಹೋಗ್ತದೆ, ಅಲ್ವಾ?"

"ಹೋಗ್ತದೆ. ಗಡಿ ಕಲ್ಲು ಮರದ ಈಚೆಗೆ ಬರ್ತದೆ."

ಅವನು ನೋಟಿಸಿಗೆ ಸೈನ್ ಹಾಕಿದ. ಹೊರೆ ಎತ್ತಿಕೊಂಡು ಒಳಗೆ ಹೋದ.

ಆಮೇಲಿನ ಮೂರು ವಾರ ಯಾಮಿನಿಯ ಪಾಡು ಯಾರಿಗೂ ಬೇಡ. ಫೋನ್ ಟಿಣ್ ಎಂದರೆ ಓಡುವಳು. ನಕ್ಷೆಯ ಮೇಲಿದ್ದ ಅವಳ ನಂಬರಿಗೆ ಅವನ ಮೆಸೇಜುಗಳು ಬರುತ್ತಿದ್ದವು, ಕೋರ್ಟಿಗೆ ಬರೆದು ಕೊಡುತ್ತೇನೆ ಎಂಬ ಮಾತೊಂದು ಬಿಟ್ಟು. 'ಊಟ ಆಯ್ತಾ ಸರ್ವೇಯರಮ್ಮ?' 'ಅಜ್ಜಿ ನಿಮ್ಮನ್ನ ಕೇಳ್ತಿದ್ರು.' ಒಂದು ಸಂಜೆ, 'ಕಲ್ಲನ್ನ ನಾಲ್ಕು ಅಡಿ ಆಕಡೆ ಸರಿಸಕ್ಕಾಗಲ್ವಾ? ಸುಮ್ನೆ ಕೇಳ್ದೆ.'

ಅವಳು ಕೂಡಲೇ ಬರೆದು ಕಳಿಸಿದಳು. 'ಸರಿಸೋಳಾಗಿದ್ರೆ ಲೈಸೆನ್ಸ್ ಯಾಕೆ ಬೇಕಿತ್ತು?'

ಅದಾದ ಮೇಲೆ ಅವನಿಂದ ಮಾತಿಲ್ಲ. ಕಳಿಸಿದ್ದನ್ನು ಹತ್ತು ಸಲ ಓದಿದಳು, ಅಳಿಸಲಿಲ್ಲ. ಲೈಸೆನ್ಸ್ ಹೋದರೆ ಜೀವನ ಹೋದಂತೆ ಎಂದು ಹೆದರಿದ್ದವಳಿಗೆ ಈಗ ಇನ್ನೊಂದು ಹೆದರಿಕೆ ಸೇರಿಕೊಂಡಿತ್ತು. ಅವನು ಬಾರದಿದ್ದರೆ ಕೇಸಿಗಷ್ಟೇ ಅಲ್ಲ, ತನಗೂ ನೋಯುತ್ತದೆ. ಕಳ್ಳ ಹೊಕ್ಕ ಮೇಲೆ ಬಾಗಿಲು ಹಾಕಿದ ಹಾಗಾಯಿತು ತನ್ನ ಕಥೆ ಎಂದು ತನ್ನನ್ನೇ ಬೈದುಕೊಂಡಳು.

ಬೆಂಗಳೂರಿನ ಕೋರ್ಟ್ ಹಾಲಿನ ಹೊರಗೆ ಆ ಮೂಲೆಯಿಂದ ಈ ಮೂಲೆಗೆ ಮೂವತ್ತೊಂದು ಹೆಜ್ಜೆ. ನಾಲ್ಕನೆಯ ಸಲ ತಿರುಗಿದಾಗ ಇಸ್ತ್ರಿ ಮಾಡಿದ ಬಿಳಿ ಶರ್ಟು ಎದುರಿಗೆ ನಿಂತಿತ್ತು.

"ಎಷ್ಟು ಹೆಜ್ಜೆ ಬಂತು ಮೇಡಂ?"

"ನಾನು ಎಣಿಸ್ತೀನಿ ಅಂತ ಯಾರು ಹೇಳಿದ್ದು?"

"ತುಟಿ ಅಲ್ಲಾಡ್ತದೆ." ಅವನು ಅವಳ ತುಟಿಯ ಮೇಲಿಂದ ದೃಷ್ಟಿ ತೆಗೆಯಲು ತುಸು ತಡಮಾಡಿದ. ಕೈಯಲ್ಲಿ ಪ್ರಮಾಣಪತ್ರವಿತ್ತು, ಕೊನೆಯಲ್ಲಿ ಅಮ್ಮಾಜಮ್ಮನ ಹೆಬ್ಬೆಟ್ಟು. "ದೂರು ತಪ್ಪು ತಿಳುವಳಿಕೆಯಿಂದ ಕೊಟ್ಟಿದ್ದು ಅಂತ ಬರ್ಕೊಟ್ಟಿದೀನಿ. ಅವತ್ತು ಮೆಸೇಜಲ್ಲಿ ನೀವು ಕಲ್ಲು ಸರಿಸ್ತೀನಿ ಅಂದಿದ್ರೆ ನಿಮ್ಮ ಅಳತೆ ನಂಬ್ತಿರ್ಲಿಲ್ಲ, ಇಲ್ಲಿಗೆ ಬರ್ತಾನೂ ಇರ್ಲಿಲ್ಲ."

ವಾದ ಐದೇ ನಿಮಿಷ. ವಿಚಾರಣೆಯಿಲ್ಲದೆ ಲೈಸೆನ್ಸ್ ರದ್ದು ಮಾಡಿದ್ದು ತಪ್ಪು, ದೂರು ಕೊಟ್ಟವರೇ ಹಿಂದೆ ಸರಿದಿದ್ದಾರೆ, ಇಲಾಖೆಯ ಆದೇಶವೇ ರದ್ದು ಎಂದರು ನ್ಯಾಯಮೂರ್ತಿಗಳು. ಪಂಕಜ ಬೆನ್ನು ತಟ್ಟಿದರು. ಯಾಮಿನಿ ತಿರುಗಿ ನೋಡುವಷ್ಟರಲ್ಲಿ ಬಿಳಿ ಶರ್ಟು ಹೊರಟುಹೋಗಿತ್ತು.

ಲೈಸೆನ್ಸ್ ಮರಳಿ ಕೈಗೆ ಬಂದರೂ ಚಡಪಡಿಕೆ ಹೋಗಲಿಲ್ಲ. ಹದಿನೈದು ದಿನವಾದ ಮೇಲೆ ಮೆಸೇಜು ಬಂತು. 'ನಾಳೆ ಆವುಲಪ್ಪ ಕಲ್ಲು ನೆಡಿಸ್ತಾನಂತೆ. ನೀವು ಇವತ್ತೇ ಬನ್ನಿ.'

ಅವನು ಹೊಂಗೆ ಮರದ ಕೆಳಗೆ ನಿಂತಿದ್ದ.

"ಇವತ್ತೇ ಯಾಕೆ?"

"ನಾಳೆಯಿಂದ ಈ ನೆರಳು ನಂದಲ್ಲ. ಹೊಂಗೆ ನೆರಳು ತಾಯಿ ಇದ್ದಂಗೆ ಅಂತಿದ್ರು ತಾತ. ಮುಖ್ಯವಾದ ಮಾತನ್ನ ನನ್ನ ಮರದ ಕೆಳಗೆ ನಿಂತೇ ಹೇಳ್ಬೇಕು ಅನ್ನಿಸ್ತು." ಗಂಟಲು ಸರಿ ಮಾಡಿಕೊಂಡ. "ನಿಮ್ಮನ್ನ ಕಂಡ್ರೆ ನಂಗಿಷ್ಟ. ಅಷ್ಟೆ. ಕೋರ್ಟಲ್ಲೇ ಹೇಳ್ಬಿಡಾಣ ಅನ್ನಿಸ್ತು, ಉಪಕಾರ ಮಾಡಿ ಕೂಲಿ ಕೇಳಿದಂಗಾಗ್ತದೆ ಅಂತ ಓಡ್ಬಂದೆ."

"ಮರ ಹೋಯ್ತು ಅಂತ ಬೇಜಾರಿಲ್ವಾ?"

"ಇದೆ. ರಾತ್ರಿ ನಿದ್ದೆ ಬರಲ್ಲ. ಆದ್ರೆ ಮರ ನೆನೆಸ್ಕೊಂಡು ಅಲ್ಲ."

ಯಾಮಿನಿಯ ಕಣ್ಣು ತುಂಬಿತು. "ನಂಗೂ ಬರಲ್ಲ" ಎಂದಳು. ಇಬ್ಬರ ನಡುವೆ ನಾಲ್ಕು ಹೆಜ್ಜೆಯಿತ್ತು. ಎಣಿಸಿದಳು, ಆಮೇಲೆ ನಡೆದಳು.

ಮನೆಯ ಕಡೆಯಿಂದ ಅಮ್ಮಾಜಮ್ಮ ಕುಂಕುಮದ ಬಟ್ಟಲು ಹಿಡಿದು, ಕೋಲೂರಿಕೊಂಡು ಬಂದೇಬಿಟ್ಟರು. ಬೆರಳನ್ನು ಬಟ್ಟಲಿಗೆ ಅದ್ದಿ, ಅವಳ ಹಣೆಯ ಹತ್ತಿರ ತಂದು ನಿಲ್ಲಿಸಿದರು.

"ಹೋದ್ಸಲ ಯಾರು ಏನು ಅಂತ ಕೇಳದೆ ಇಟ್ಟು ನಿನ್ನ ಬದುಕು ಕೆಡಿಸ್ಬಿಟ್ಟಿದ್ದೆ ತಲ್ಲಿ. ಈ ಸಲ ಕೇಳೇ ಇಡ್ತೀನಿ. ಸರ್ವೇಯರಮ್ಮ ಅಂತ ಇಡ್ಲಾ, ನಮ್ಮನೆ ಹೆಣ್ಣು ಅಂತ ಇಡ್ಲಾ?"

ಯಾಮಿನಿ ಮುರಳಿಯನ್ನೊಮ್ಮೆ ನೋಡಿ, ಹಣೆಯನ್ನು ಮುಂದಕ್ಕೆ ಚಾಚಿದಳು.

"ಎರಡೂ ಅಂತ ಇಡಿ ಅಜ್ಜಿ."