ಬಾಗಿಲೊಳಗಿನ ಜಪಮಾಲೆ

ನಝೀಹಾಳ ಬಿಳಿ ಕಾರು ಅಂಗಡಿಯ ಮುಂದೆ ಬಂದು ನಿಂತಾಗ ಚಾಲಕನ ಬದಿಯ ಕಿಟಕಿಯಲ್ಲಿ ಗಾಜಿನ ಬದಲು ರವೆಯ ಖಾಲಿ ಚೀಲವೊಂದು ಪಟಪಟನೆ ಬಡಿದುಕೊಳ್ಳುತ್ತಿತ್ತು. ಸ್ಫಾಕ್ಸ್ ಪಟ್ಟಣದಲ್ಲಿ ಕಾರಿನ ಗಾಜು ಒಡೆದುಕೊಂಡವರೆಲ್ಲ ಕೊನೆಗೆ ಮೊಂಜಿಯ ಅಂಗಡಿಗೇ ಬರಬೇಕು. ಬಂದವರ ಮುಖ ನೋಡಿದರೆ ಸಾಕು, ಕಳ್ಳ ಒಡೆದದ್ದೋ ಮಗ ಒಡೆದದ್ದೋ ಅವನಿಗೆ ತಿಳಿಯುತ್ತಿತ್ತು. ನಝೀಹಾಳ ಮುಖ ಮಾತ್ರ ಅವನಿಗೆ ಅರ್ಥವಾಗಲಿಲ್ಲ.

"ಕೀಲಿ ಒಳಗೇ ಉಳೀತು. ನಾನೇ ಕಲ್ಲೆತ್ತಿ ಒಡೆದೆ," ಎಂದಳು.

"ತಂತಿ ಹಾಕಿ ತೆಗೆಸಬಹುದಿತ್ತಲ್ಲ ಅಕ್ಕ?"

"ಎರಡು ಸಲ ತೆಗೆಸಿದ್ದಾಯ್ತು. ಮೂರನೇ ಸಲ ಸಿಟ್ಟು ಬಂತು. ಗಾಡಿ ಮೇಲಲ್ಲ, ಅವನ ಮೇಲೆ."

ಅವನು ಎಂದರೆ ತಾಹರ್, ಅವಳ ಗಂಡ. ಸತ್ತು ವರ್ಷದ ಮೇಲಾಗಿತ್ತು.

ಅಂಗಡಿಯ ಮೂಲೆಯಲ್ಲಿ, ಯಾವುದೋ ಗುಜರಿ ಕಾರಿನಿಂದ ಕಿತ್ತ ಸೀಟಿನ ಮೇಲೆ ಪುದೀನ ಚಹಾ ಹೀರುತ್ತಿದ್ದ, ಎಲ್ಲರೂ ಗೌರವದಿಂದ ಸೀ ಶಾದ್ಲಿ ಎನ್ನುತ್ತಿದ್ದ ಹಿರಿಯರು ಲೋಟ ಕೆಳಗಿಟ್ಟರು. ವಿಮಾ ಕಂಪನಿಗಾಗಿ ಮೂವತ್ತು ವರ್ಷ ನುಜ್ಜುಗುಜ್ಜಾದ ಕಾರುಗಳನ್ನು ಪರೀಕ್ಷಿಸಿ, ಯಾರು ಸುಳ್ಳು ಹೇಳುತ್ತಿದ್ದಾರೆಂದು ಬರೆದುಕೊಟ್ಟ ಮನುಷ್ಯ. ನಿವೃತ್ತಿಯಾದ ಮೇಲೆ ಆ ಚಟ ಬಿಡಲಾಗದೆ ಇಲ್ಲಿಗೇ ಬಂದು ಕೂರುತ್ತಿದ್ದರು. ಕೇರಿಯಲ್ಲಿ ಕಳೆದುಹೋದ ಉಂಗುರದಿಂದ ಮುರಿದುಬಿದ್ದ ಮದುವೆಯವರೆಗೆ ಎಲ್ಲವೂ ಆ ಸೀಟಿನ ಮುಂದೆ ಇತ್ಯರ್ಥವಾಗುತ್ತಿದ್ದವು.

"ಕೂತ್ಕೊಳ್ಳಮ್ಮ. ಮೊದಲಿಂದ ಹೇಳು," ಎಂದರು.

ನಝೀಹಾ ಹೇಳಿದಳು. ಆ ದಿನ ಬೆಳಗ್ಗೆ ಗಂಡನಿಗೂ ಅವಳಿಗೂ ಜಗಳವಾಗಿತ್ತು. ತನಗೂ ಕಾರು ಓಡಿಸಲು ಕಲಿಸು ಎಂದು ಅವಳು, ಮೊದಲು ಸೂಜಿಗೆ ದಾರ ಪೋಣಿಸಲು ಕಲಿ ಎಂದು ಅವನು. ತಿಂಡಿ ತಿನ್ನದೆ, ಫೋನನ್ನೂ ಬಿಟ್ಟು, ಆಲಿವ್ ತೋಟಕ್ಕೆ ಹೊರಟುಹೋದ. ಮಧ್ಯಾಹ್ನ ರೊಟ್ಟಿ ಒಯ್ದ ಅವನ ತಮ್ಮ ಖಮೈಸ್‌ಗೆ ಕಂಡದ್ದು ಮರದ ಕೆಳಗೆ ಬೀಗ ಹಾಕಿದ ಕಾರು, ಒಳಗೆ ತಣ್ಣಗಾದ ಅಣ್ಣ. ತಂತಿಯಿಂದ ಬಾಗಿಲು ತೆಗೆದೆ ಎಂದು ಖಮೈಸ್ ಹೇಳಿದ್ದ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕಲ್ಲ, ಅಷ್ಟು ದಿನ ಕಾರು ಖಮೈಸನ ಹಿತ್ತಿಲಲ್ಲಿತ್ತು. ಆಮೇಲೆ ಅವಳು ಹಟ ಹಿಡಿದು, ಐವತ್ನಾಲ್ಕನೆಯ ವಯಸ್ಸಿನಲ್ಲಿ, ಪಕ್ಕದ ಗ್ಯಾರೇಜಿನ ಲಾಮೀನನಿಂದ ಓಡಿಸಲು ಕಲಿತಳು.

"ಆಗಿಂದ ಶುರು. ತಿರುವಲ್ಲಿ ತಿರುಗಿಸಿದ್ರೆ ಬಾಗಿಲೊಳಗೆ ಜಪಮಾಲೆ ಎಣಿಸಿದ ಹಾಗೆ ಸದ್ದು. ಅವನ ಕೈಯಲ್ಲಿ ಯಾವಾಗ್ಲೂ ಜಪಮಾಲೆ ಇರ್ತಿತ್ತು. ಈ ಗಾಜು ಪೂರ್ತಿ ಇಳೀತಾನೇ ಇರ್ಲಿಲ್ಲ. ಆಮೇಲೆ ಬೀಗ. ಮೂರು ಸಲವೂ ಮೀನು ಪೇಟೆ ಹತ್ರಾನೇ."

"ಕೀಲಿ ಗಾಡಿಲೇ ಬಿಟ್ಟು ಹೋಗ್ತಿದ್ಯಾ?"

"ಎದುರಿಗೇ ಖಮೈಸನ ಬಲೆ ಅಂಗಡಿ. ಅವನು ನೋಡ್ಕೋತಾನೆ. ಮೊದಲೆರಡು ಸಲ ತಂತಿ ಹಾಕಿ ತೆಗೆದುಕೊಟ್ಟವನೂ ಅವನೇ. ಅಣ್ಣನಿಗೆ ಇಷ್ಟವಿಲ್ಲ ಅತ್ತಿಗೆ, ಮಾರಿಬಿಡಿ ಅಂತಾನೆ. ಲಾಮೀನ್ ಕೊಳ್ಳೋಕೆ ಕಾಯ್ತಿದ್ದಾನೆ. ಶುಕ್ರವಾರ ಕೊಟ್ಟುಬಿಡ್ತೀನಿ." ಅವಳು ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಗಾಡಿ ಹೋಗ್ಲಿ ಸೀ ಶಾದ್ಲಿ. ಅವನು ನನ್ನ ಮೇಲೆ ಸಿಟ್ಟಲ್ಲೇ ಹೋದ್ನಾ, ಅದೊಂದು ನಂಗೆ ಗೊತ್ತಾಗ್ಬೇಕು."

ಅವಳು ಹೋದ ಮೇಲೆ ಮೊಂಜಿ ಬಾಗಿಲಿನ ಒಳಹಲಗೆ ಬಿಚ್ಚಿದ. ಕಿಟಕಿ ಒಡೆದರೆ ಚೂರುಗಳೆಲ್ಲ ಬಾಗಿಲಿನ ಹೊಟ್ಟೆಗೇ ಬೀಳುತ್ತವೆ, ಹೊಸ ಗಾಜು ಕೂರಿಸುವ ಮೊದಲು ಅವನ್ನು ಬಾಚಿ ತೆಗೆಯಬೇಕು. ಮೇಲಿನ ಪದರ ಕಲ್ಲುಸಕ್ಕರೆಯಂತೆ ಬೆಳ್ಳಗಿತ್ತು. ಅದರ ಕೆಳಗೆ ಕೈ ಹಾಕಿದವನು ತಡೆದು ನಿಂತ.

"ಸೀ ಶಾದ್ಲಿ, ಇಲ್ಲಿ ಇನ್ನೊಂದು ಗಾಜಿದೆ."

ಧೂಳು ಹಿಡಿದ, ತುಸು ಹಸಿರು ಛಾಯೆಯ ಚೂರುಗಳು. ನಡುವೆ ಒಣಗಿದ ಆಲಿವ್ ಎಲೆಗಳು. ಕಾರಿನ ಉಳಿದ ಮೂರು ಕಿಟಕಿಗಳೂ ಅದೇ ಹಸಿರು. ಮೊಂಜಿ ಬಾಗಿಲನ್ನು ಅಲ್ಲಾಡಿಸಿದಾಗ ಚೂರುಗಳು ಒಂದರ ಹಿಂದೊಂದು ಉರುಳಿ ಜಪಮಣಿಯಂತೆಯೇ ಸದ್ದು ಮಾಡಿದವು. ಕಾರಣ ಕಣ್ಣೆದುರೇ ಇದ್ದರೂ ಅವನಿಗೆ ಭಯವಾಯಿತು.

"ಗಾಜು ಹಿಡಿಯೋ ಪಟ್ಟಿಯನ್ನ ತಲೆಕೆಳಗು ಹಾಕಿದ್ದಾರೆ. ಅದಕ್ಕೇ ಇಳೀತಿರ್ಲಿಲ್ಲ. ಕಸುಬಿನವರ ಕೆಲಸ ಅಲ್ಲ ಇದು," ಎಂದ.

"ಬೀಗ ನೋಡು. ಗುಂಡಿ ಒತ್ತಿ ಬಾಗಿಲು ಬಡಿ."

ಮೊಂಜಿ ಬಡಿದ. ಗುಂಡಿ ಟಕ್ಕನೆ ಮೇಲೆದ್ದಿತು. ಹೊರಗಿನ ಹಿಡಿಯನ್ನು ಎತ್ತಿ ಹಿಡಿದು ಮುಚ್ಚಿದರೆ ಮಾತ್ರ ಬೀಗ ಬೀಳುತ್ತಿತ್ತು.

"ಅಂದ್ರೆ ದೆವ್ವಕ್ಕೂ ಕೈ ಬೇಕು," ಎಂದು ಶಾದ್ಲಿ ಎದ್ದು ಪಕ್ಕದ ಗ್ಯಾರೇಜಿಗೆ ನಡೆದರು.

ಲಾಮೀನ್ ಎಣ್ಣೆಗೈ ಒರೆಸಿಕೊಳ್ಳುತ್ತ ಮೊದಲೇ ರೇಗಿದ. "ಗಾಡಿ ಕೇಳಿದ್ದು ನಿಜ. ಬಿಡಿಭಾಗಕ್ಕೆ ಆಗುತ್ತೆ ಅಂತ ಖಮೈಸೇ ಹಿಂದೆ ಬಿದ್ದಿದ್ದ. ಎರಡನೇ ಸಲ ಬೀಗ ಬಿದ್ದಾಗ ನಾನು ಟ್ಯೂನಿಸ್‌ನಲ್ಲಿದ್ದೆ, ಮಗಳ ಹೆರಿಗೆ. ಬೇಕಿದ್ರೆ ಕೂಸನ್ನೇ ಕೇಳಿ."

"ಕೂಸು ಬೇಡ. ಅವತ್ತು ತೋಟದಿಂದ ಗಾಡಿ ತಂದವರು ಯಾರು?"

"ನಾನೇ. ಖಮೈಸ್ ಅಳ್ತಿದ್ದ, ನೀನೇ ಓಡಿಸು ಅಂದ. ಡಿಸೆಂಬರ್ ಚಳಿ, ಈ ಬದಿ ಗಾಜು ಇಳಿಸೇ ಇತ್ತು. ಏರಿಸೋ ಹಿಡಿ ಕೆಟ್ಟಿದೆ ಅಂದ. ಹಿತ್ತಿಲು ಮುಟ್ಟೋ ಹೊತ್ತಿಗೆ ನನ್ನ ಕಿವಿ ಮರಗಟ್ಟಿತ್ತು."

ಶಾದ್ಲಿ ಅಂಗಡಿಗೆ ಮರಳಿದರು. ಅಂದು ಚಹಾ ಕೂಡ ಅರ್ಧಕ್ಕೇ ಬಿಟ್ಟರು.

ಶಾದ್ಲಿ ಹೇಳಿಕಳಿಸಿದಂತೆ ಗುರುವಾರ ಬೆಳಗ್ಗೆ ಎಲ್ಲರೂ ಅಂಗಡಿಗೆ ಬಂದರು. ಹೊಸ ಗಾಜು ಕೂತಿತ್ತು. ಖಮೈಸ್ ತನ್ನ ಹಳೆಯ ಮೊಪೆಡ್ಡಿನಲ್ಲಿ ಬಂದ. ಅದನ್ನು ಬಿಟ್ಟು ಬೇರೆ ಗಾಡಿ ಮುಟ್ಟುತ್ತಿರಲಿಲ್ಲ. ಲಿಬಿಯಾದಲ್ಲಿ ಹತ್ತು ಗಾಲಿಯ ಲಾರಿ ಓಡಿಸಿದವನಿಗೆ ಈ ಡಬ್ಬಿಗಳೆಲ್ಲ ಯಾಕೆ ಎಂದು ಇಪ್ಪತ್ತು ವರ್ಷಗಳಿಂದ ಕೊಚ್ಚಿಕೊಳ್ಳುತ್ತ ಬಂದಿದ್ದ.

"ಖಮೈಸ್, ದಾರಿಗಡ್ಡ ಆಗಿದೆ. ಗಾಡೀನ ನಾಲ್ಕು ಹೆಜ್ಜೆ ಹಿಂದಕ್ಕೆ ತಗೋ," ಎಂದು ಶಾದ್ಲಿ ಕೀಲಿ ಎಸೆದರು.

ಖಮೈಸ್ ಕೀಲಿ ಹಿಡಿದ. ಅಂಗೈಯಲ್ಲಿ ಒಂದು ಸಲ ತಿರುಗಿಸಿ ನೋಡಿ ಲಾಮೀನನಿಗೆ ಕೊಟ್ಟ. "ನಂಗೆ ಮಂಡಿ ನೋವು," ಎಂದ.

ಶಾದ್ಲಿ ತಲೆದೂಗಿ, ಮೇಜಿನ ಮೇಲಿದ್ದ ತಟ್ಟೆಯ ಬಟ್ಟೆ ಸರಿಸಿದರು. ಹಸಿರು ಚೂರುಗಳೂ ಒಣ ಎಲೆಗಳೂ ಕಂಡವು.

"ನಝೀಹಾ, ನಿನ್ನ ಜಪಮಾಲೆ ಇದು. ನೀನು ಒಡೆಯೋಕೆ ಮುಂಚೆನೇ ಈ ಕಿಟಕಿ ಒಂದು ಸಲ ಒಡೆದಿತ್ತು. ಎಲ್ಲಿ? ಆಲಿವ್ ಎಲೆ ಉದುರೋ ಕಡೆ. ಖಮೈಸನ ಹಿತ್ತಿಲಲ್ಲಿ ಬಲೆ ಬಿಟ್ರೆ ಒಂದು ಗಿಡ ಇಲ್ಲ. ಯಾವಾಗ? ಲಾಮೀನ್ ಚಳಿ ತಿಂದು ಬಂದ ದಿನ. ಗಾಜು ಇಳಿಸಿರ್ಲಿಲ್ಲ, ಗಾಜೇ ಇರ್ಲಿಲ್ಲ. ಇಳಿಸಿದ್ದಿದ್ರೆ ತಂತಿ ಯಾಕೆ, ಕೈ ಹಾಕಿ ತೆಗೀಬಹುದಿತ್ತು. ಆಮೇಲೆ ನೀನು ಹೊಸ್ತಿಲು ದಾಟದ ನಾಲ್ಕು ತಿಂಗಳಲ್ಲಿ ಯಾರೋ ಗುಜರಿ ಗಾಜು ತಂದು, ಬಾರದ ಕೈಯಲ್ಲಿ ಕೂರಿಸಿದ್ರು."

ಖಮೈಸ್ ತಟ್ಟೆಯನ್ನೇ ನೋಡುತ್ತಿದ್ದ.

"ಗಾಜು ಒಡೆದಿದ್ದು ತಪ್ಪಲ್ಲ, ಮುಚ್ಚಿಟ್ಟದ್ದು ಯಾಕೆ? ರಾತ್ರಿಯೆಲ್ಲ ಅದೇ ಯೋಚನೆ ನಂಗೆ. ಸತ್ತವನಿಗಾಗಿ ಯಾರೂ ಗಾಜು ಒಡೆಯಲ್ಲ, ನಿಧಾನಕ್ಕೆ ತಂತಿ ಹುಡುಕ್ತಾರೆ. ಕಲ್ಲೆತ್ತೋದು ಜೀವ ಇರೋವನಿಗಾಗಿ."

ನಝೀಹಾ ಮೇಜನ್ನು ಹಿಡಿದುಕೊಂಡಳು. ಮೊಂಜಿ ಅವಳ ಹಿಂದೆ ಕುರ್ಚಿ ಸರಿಸಿದ. ಅವಳು ಕೂರಲಿಲ್ಲ.

"ತಾಹರ್ ಬದುಕಿದ್ದ. ಕೀಲಿ ಗಾಡಿಲಿತ್ತು, ಗಾಡಿ ಚೆನ್ನಾಗಿತ್ತು. ಆದ್ರೂ ತಮ್ಮ ಆಸ್ಪತ್ರೆಗೆ ಒಯ್ಯಲಿಲ್ಲ. ಸಾಯ್ಲಿ ಅನ್ನೋವನು ಗಾಜು ಒಡೆಯಲ್ಲ. ಉಳಿದದ್ದು ಒಂದೇ ಕಾರಣ. ಅದನ್ನ ಈಗ ಕೀಲಿ ಎಸೆದು ನೋಡಿಬಿಟ್ಟೆ." ಶಾದ್ಲಿಯ ದನಿ ಇಳಿಯಿತು. "ನಿಂಗೆ ಓಡಿಸೋಕೆ ಬರಲ್ಲ ಅಲ್ವಾ ಖಮೈಸ್?"

ಖಮೈಸ್ ಗೋಡೆಗೊರಗಿ ಹಾಗೇ ಕುಸಿದು ಕುಳಿತ. ಮೀಸೆ ನೆರೆತ ಗಂಡಸು ಹಾಗೆ ಅಳುವುದನ್ನು ಮೊಂಜಿ ಅದುವರೆಗೆ ಕಂಡಿರಲಿಲ್ಲ.

"ಲಿಬಿಯಾದಲ್ಲಿ ಲಾರಿ ತೊಳೀತಿದ್ದೆ ಅಷ್ಟೇ. ಓಡಿಸ್ತಿರ್ಲಿಲ್ಲ. ಅವತ್ತು ಅಣ್ಣ ಎದೆ ಹಿಡ್ಕೊಂಡು ಬಿದ್ದಿದ್ದ, ಮೊಪೆಡ್ ಮೇಲೆ ಕೂರಿಸೋ ಹಾಗಿರ್ಲಿಲ್ಲ. ತೋಟದಲ್ಲಿ ಫೋನ್ ಸಿಗ್ನಲ್ ಸಿಗ್ಲಿಲ್ಲ. ರಸ್ತೆಗೆ ಓಡಿ ಕೂಗ್ದೆ, ಅರ್ಧ ಗಂಟೆ, ಒಂದು ಗಾಡಿನೂ ನಿಲ್ಲಲಿಲ್ಲ. ಯಾಕೆ ಒಯ್ಯಲಿಲ್ಲ ಅಂತ ಕೇಳ್ತೀರ ಅನ್ನೋ ಭಯಕ್ಕೆ, ನಾನು ಹೋಗೋ ಹೊತ್ತಿಗೇ ಸತ್ತಿದ್ದ ಅಂದೆ. ಮೀನು ಪೇಟೆಲಿ ಬೀಗ ಹಾಕಿದ್ದೂ ನಾನೇ ಅತ್ತಿಗೆ, ನೀವು ಗಾಡಿ ಮಾರಿಬಿಡ್ಲಿ ಅಂತ. ವಾರವಾರ ಅಂಗಡಿ ಮುಂದೆ ಆ ಬಾಗಿಲು ಸದ್ದು ಮಾಡ್ತಾ ಹೋಗ್ತಿತ್ತು. ನಂಗೆ ಗೊತ್ತು ಅದೇನು ಅಂತ. ತಡ್ಕೊಳ್ಳೋಕಾಗ್ಲಿಲ್ಲ."

"ಮಾತಾಡಿದ್ನಾ ಅವನು?" ಎಂದಳು ನಝೀಹಾ.

ಖಮೈಸ್ ಮುಖ ಒರೆಸಿಕೊಂಡ. "ನಾನು ಕೀಲಿ ಹಿಡ್ಕೊಂಡು ಸುಮ್ನೆ ನಿಂತಿದ್ದು ನೋಡಿದ. ಎಲ್ಲೋ ನಿನ್ನ ಲಿಬಿಯಾ ಲಾರಿ ಅಂದ. ನಕ್ಕ. ಆಮೇಲೆ ಹೇಳಿದ, ನಝೀಹಾಗೆ ಕಲಿಸಿದ್ದಿದ್ರೆ ಈಗ ಅವಳೇ ಓಡಿಸಿ ಕರ್ಕೊಂಡು ಹೋಗ್ತಿದ್ಲು. ಬೆಳಗ್ಗೆ ಅವಳು ಹೇಳಿದ್ದೇ ಸರಿ, ಹೇಳು ಅವಳಿಗೆ ಅಂದ."

"ಹೇಳ್ಲಿಲ್ವಲ್ಲೋ ನೀನು."

"ಹೇಳಿದ್ರೆ ಬದುಕಿದ್ದ ಅಂತ ಗೊತ್ತಾಗ್ತಿತ್ತು."

"ಇನ್ನೊಂದು ಸಲ ಹೇಳು."

ಅವನು ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಮೊಂಜಿ ಕಾದ. ಅವಳು ಲಾಮೀನನ ಕೈಯಿಂದ ಕೀಲಿ ತೆಗೆದುಕೊಂಡು ಖಮೈಸನ ಮುಂದೆ ನಿಂತಳು.

"ಏಳು. ಗಾಡಿ ಹತ್ತು."

"ಎಲ್ಲಿಗೆ ಅತ್ತಿಗೆ?"

"ತೋಟಕ್ಕೆ. ಆ ಮರದ ಕೆಳಗಿಂದ ಆಸ್ಪತ್ರೆ ಬಾಗಿಲವರೆಗೆ ಒಂದ್ಸಲ ಓಡಿಸ್ಬೇಕು ನಂಗೆ. ನೀನು ಪಕ್ಕದಲ್ಲಿ ಕೂತಿರು."

ಯಾರೂ ಅವಳನ್ನು ತಡೆಯಲಿಲ್ಲ. ತಿರುವಿನಲ್ಲಿ ಕಾರು ಸದ್ದಿಲ್ಲದೆ ತಿರುಗಿಕೊಂಡು ಹೋಯಿತು.

ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ಅದು ಮರಳಿ ಬಂದು ಅಂಗಡಿಯ ಮುಂದೆ ನಿಂತಿತು. ಪಕ್ಕದ ಸೀಟಿನಲ್ಲಿ ಖಮೈಸ್ ತಲೆ ತಗ್ಗಿಸಿ ಕೂತಿದ್ದ. ನಝೀಹಾ ಹೊಸ ಗಾಜನ್ನು ಪೂರ್ತಿ ಇಳಿಸಿದಳು.

"ಮರದಿಂದ ಆಸ್ಪತ್ರೆಗೆ ಹದಿನೇಳೇ ನಿಮಿಷ ಮೊಂಜಿ," ಎಂದಳು. "ಅದೂ ನಾನು ನಿಧಾನಕ್ಕೆ ಓಡಿಸಿದ್ದು."