ಒಂದು ಗೇಣಿನ ಗುಂಡಿ

ಡಿಸೆಂಬರ್ ಇಪ್ಪತ್ತೇಳರ ಬೆಳಿಗ್ಗೆ ಏಳೂಕಾಲಿಗೆ ಪಾಳುನಗರದ ಕಾವಲುಗಾರ ಏದುಸಿರು ಬಿಡುತ್ತ ಠಾಣೆಗೆ ಬಂದ. ಕೋಟೆಯ ಮೇಲಿನ ಗೋಪುರದಲ್ಲಿ ಯಾರೋ ನೆಲದ ಚಪ್ಪಡಿ ಎಬ್ಬಿಸಿದ್ದಾರೆ ಎಂದು ದೂರು ಕೊಟ್ಟ. ಎಫ್‌ಐಆರ್ ಆಯಿತು. ಚಳಿಗಾಲದ ರಜೆ, ಊರ ತುಂಬ ಪ್ರವಾಸಿಗರು. ಅವರ ನಡುವೆ ನಿಧಿಗಳ್ಳರು ನುಸುಳಿದ್ದಾರೆ ಎಂದುಕೊಂಡರು ಇನ್‌ಸ್ಪೆಕ್ಟರ್.

ದಫೇದಾರರಿಗೆ ಹಾಗನಿಸಲಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವರು ಕಂಡ ನಿಧಿಗಳ್ಳರ ಗುಂಡಿಗಳೆಲ್ಲ ಆಳೆತ್ತರದವು. ಇದು ಬರೀ ಒಂದು ಗೇಣು. ಅದರ ಮಣ್ಣನ್ನೂ ತಿರುಗಿ ತುಂಬಿ, ಅಂಗೈಯಿಂದ ತಟ್ಟಿ ಸಮ ಮಾಡಿದ್ದರು. ಸುತ್ತ ಒಡೆದಿದ್ದ ಸಿಮೆಂಟು ಈಚಿನ ರಿಪೇರಿಯದು. ಪಕ್ಕದಲ್ಲಿ ಕಾರಿನ ಚಕ್ರ ಬಿಚ್ಚುವ ಸಲಾಕೆ ಬಿದ್ದಿತ್ತು.

"ಕದಿಯೋಕೆ ಬಂದವನು ಗುಂಡಿ ಮುಚ್ಚಿ ಹೋಗ್ತಾನಾ ಸಾರ್?"

"ಅಂಥ ಕಳ್ಳ ಸಿಕ್ಕರೆ ನಮ್ಮನೆಗೂ ಕಳಿಸಿ ದಫೇದಾರ್ರೇ, ಕಸ ಗುಡಿಸಿ ಹೋಗ್ಲಿ" ಎಂದರು ಇನ್‌ಸ್ಪೆಕ್ಟರ್.

ಕಾರಿನಲ್ಲಿ ಬಂದವರನ್ನು ಲಾಡ್ಜುಗಳಲ್ಲಿ ವಿಚಾರಿಸುತ್ತ ಹೋದರು. ಮೂರನೆಯ ಲಾಡ್ಜಿನ ಗುಮಾಸ್ತ ಒಬ್ಬರ ಗುರುತು ಹೇಳಿದ. ಒಬ್ಬರೇ ಬಂದು, ಹೋದ ವರ್ಷದ ಅದೇ ಎರಡು ಹಾಸಿಗೆಯ ಕೋಣೆಯೇ ಬೇಕೆಂದು ಹಟ ಹಿಡಿದಿದ್ದರಂತೆ. ಹತ್ತು ನಲವತ್ತಕ್ಕೆ ಬಾಗಿಲು ತಟ್ಟಿದಾಗ ಆತ ಮಂಚದ ಮೇಲೆ ಕೂತಿದ್ದ. ಬೆರಳುಗಳು ತರಚಿಹೋಗಿದ್ದವು. ತೊಡೆಯ ಮೇಲೆ ತುಕ್ಕು ಹಿಡಿದ ತಗಡಿನ ಡಬ್ಬಿ.

"ಏನಿದೆ ಇದ್ರಲ್ಲಿ?" ಇನ್‌ಸ್ಪೆಕ್ಟರ್ ಕೇಳಿದರು.

"ಗೊತ್ತಿಲ್ಲ ಸಾರ್. ಮಗಳು ಇಟ್ಟಿದ್ದು."

ಉಳಿದದ್ದನ್ನು ಆತ ನೆಲ ನೋಡುತ್ತಲೇ ಹೇಳಿದ. ಹೋದ ವರ್ಷ ಒಂಬತ್ತು ವರ್ಷದ ಮಗಳೊಡನೆ ನಾಲ್ಕು ದಿನ ಈ ಪಾಳುನಗರವನ್ನೆಲ್ಲ ಸುತ್ತಿದ್ದ. ಹೊರಡುವ ದಿನ ಅವಳು ಸಡಿಲವಾಗಿದ್ದ ಆ ಚಪ್ಪಡಿಯ ಕೆಳಗೆ ಡಬ್ಬಿ ತೂರಿಸಿದ್ದಳು. ಬೇಸಿಗೆಯಲ್ಲಿ ಹನ್ನೊಂದು ದಿನದ ಜ್ವರ, ಮಗು ಉಳಿಯಲಿಲ್ಲ. ಅಷ್ಟರಲ್ಲಿ ಚಪ್ಪಡಿಗೆ ಸಿಮೆಂಟು ಬಿತ್ತು. ತೆಗೆದುಕೊಡಿ ಎಂದು ಸ್ಮಾರಕ ಕಚೇರಿಗೆ ಮೂರು ಕಾಗದ ಬರೆದಿದ್ದ. ಅವಕಾಶವಿಲ್ಲ ಎಂದು ಒಂದಕ್ಕೆ ಉತ್ತರ ಬಂದಿತ್ತು.

"ಇನ್ನೂ ಯಾಕೆ ತೆಗೆದು ನೋಡಿಲ್ಲ?" ದಫೇದಾರರು ಕೇಳಿದರು.

"ಇಬ್ಬರೂ ಸೇರಿ ತೆಗೀಬೇಕು ಅಂತ ಮಾತಾಗಿತ್ತು."

ಲಾಡ್ಜಿನ ಇಬ್ಬರನ್ನು ಪಂಚರಾಗಿ ಕರೆಸಿದರು. ಪಂಚನಾಮೆಯಲ್ಲಿ ಒಳಗಿನ ವಸ್ತುಗಳನ್ನು ಬರೆಯಲೇಬೇಕು. ದಫೇದಾರರು ಡಬ್ಬಿಯನ್ನು ಆತನ ಕಡೆಗೇ ಸರಿಸಿ, "ನೀವೇ ತೆಗೀರಿ. ನಾವಿದ್ದೀವಲ್ಲ" ಎಂದರು. ಒಂದು ಕೋಟಿನ ಗುಂಡಿ, ಒಂದು ಮೋಟು ಪೆನ್ಸಿಲು, ಮಡಚಿದ ಚೀಟಿ. ತಂದೆ ಚೀಟಿ ಬಿಚ್ಚಿ ದಫೇದಾರರ ಕೈಗೆ ಕೊಟ್ಟ. ದಫೇದಾರರು ಅಕ್ಷರ ಕೂಡಿಸಿ ಕೂಡಿಸಿ ಪಂಚರೆದುರು ಓದಿದರು.

"ಅಪ್ಪಾ, ಕೋಟೆ ಮೆಟ್ಟಿಲು ನೂರಹನ್ನೆರಡು ಅಲ್ಲ, ನೂರಹದಿಮೂರು. ನನ್ನ ಎತ್ಕೊಳ್ಳುವಾಗ ನೀನು ಒಂದು ಬಿಟ್ಟೆ. ಮುಂದಿನ ಸಲ ಕಾಲು ನೋವು ಅನ್ನಲ್ಲ. ನಾನೇ ಹತ್ತಿ ಎಣಿಸಿ ತೋರಿಸ್ತೀನಿ."

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಬಂಧನ. ಡಬ್ಬಿ ಜಪ್ತಿಯಾಗಿ ಅದರ ಮೇಲೆ ಅರಗಿನ ಮೊಹರು ಬಿತ್ತು. ಆತ ಚಾಚಿದ ಕೈಯನ್ನು ತಾನೇ ಹಿಂದೆಳೆದುಕೊಂಡ. ಕೇಸು ಮುಗಿದ ಮೇಲೆ ಅರ್ಜಿ ಹಾಕಿದರೆ ಡಬ್ಬಿ ವಾಪಸು ಸಿಗುತ್ತದೆ ಎಂದು ಇನ್‌ಸ್ಪೆಕ್ಟರ್ ಮೆಲ್ಲಗೆ ಹೇಳಿದರು.

ಮಧ್ಯಾಹ್ನ ಸ್ಥಳದ ನಕ್ಷೆ ಬರೆಯಲು ದಫೇದಾರರು ಮಂಡಿ ಹಿಡಿದುಕೊಂಡು ಮತ್ತೆ ಕೋಟೆ ಹತ್ತಿದರು. ಇಳಿಯುವಾಗಲೂ ಎಣಿಸಿದರು. ನಕ್ಷೆಯ ಮೂಲೆಯಲ್ಲಿ 'ಮೆಟ್ಟಿಲು: ೧೧೩' ಎಂದು ಬರೆದರು. ಕೇಸಿಗೆ ಅದು ಬೇಕಿರಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ನೋಡಿದರು, ಹೊಡೆದುಹಾಕಲಿಲ್ಲ. ಕೆಳಗೆ ಸಹಿ ಹಾಕಿದರು.