ಹಿಂದಕ್ಕೆ ಹೋಗಲು ಹತ್ತು ದಿನ

"ಇವತ್ತಾದ್ರೂ ಮಾಡೋಣ್ವಾ?"

ಬಾಗಿಲಲ್ಲಿ ನಿಂತೇ ಅವನು ಕೇಳಿದ. ಕೈಯಲ್ಲಿ ಹೆಲ್ಮೆಟ್ಟು, ಹೆಗಲಿಗೆ ಕಪ್ಪು ಬ್ಯಾಗು, ಮುಖದಲ್ಲಿ ಪಟ್ಟು ಬಿಡದವನ ನಗು. ಅವಳು ಕಂಪ್ಯೂಟರಿನ ಪರದೆಯತ್ತ ನೋಡಿದಳು. ಮೂಲೆಯಲ್ಲಿ ಆ ನೀಲಿ ಚೌಕ ಮತ್ತೆ ತೇಲಿ ಬಂದಿತ್ತು. ಹೊಸ ಆಪರೇಟಿಂಗ್ ಸಿಸ್ಟಮ್ ಸಿದ್ಧವಾಗಿದೆ, ಈಗಲೇ ಹಾಕಿಕೊಳ್ಳುವಿರಾ? ಬೆರಳು ತಾನಾಗಿಯೇ 'ನಂತರ ನೆನಪಿಸು' ಎಂಬುದನ್ನು ಒತ್ತಿತು.

"ಆಮೇಲೆ," ಎಂದಳು.

"ಆಮೇಲೆ ಮೇಡಂ ಅಂತ ಹೆಸರಿಟ್ಟೋರು ಸುಮ್ನೆ ಇಟ್ಟಿಲ್ಲ."

"ಇಟ್ಟೋರು ನೀವೇ."

"ಅದಕ್ಕೇ ಅಷ್ಟು ಧೈರ್ಯವಾಗಿ ಹೇಳ್ತಿದೀನಿ."

ಆ ಬೀದಿಯ ಅಂಗಡಿ, ಕ್ಲಿನಿಕ್ಕುಗಳ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವನೇ. ಎಲ್ಲರ ಬಾಯಲ್ಲೂ ಅವನ ಹೆಸರು 'ಅಪ್‌ಡೇಟ್'. ಹೊಸದು ಬಂದ ದಿನವೇ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅದು ಕೈಕೊಟ್ಟರೆ ಕೂತು ಸರಿಮಾಡಿಕೊಂಡು, ಮರುದಿನ ಅದರ ಗುಣಗಾನ ಮಾಡುತ್ತಾ ಬೀದಿಯಿಡೀ ಓಡಾಡುವ ಆಸಾಮಿ. ಹಲ್ಲಿನ ಡಾಕ್ಟರು ಒಪ್ಪಿದ್ದರು, ಔಷಧಿ ಅಂಗಡಿಯವರು ಒಪ್ಪಿದ್ದರು. ಉಳಿದವಳು ಇವಳೊಬ್ಬಳೇ.

ಇವಳು ಸೋದರತ್ತೆಯ ಕಿವಿ ಕ್ಲಿನಿಕ್ಕಿನಲ್ಲಿ ಶ್ರವಣ ಪರೀಕ್ಷೆ ಮಾಡುವವಳು. ಒಳಗೆ ಹೊರಗಿನ ಶಬ್ದ ಹೊಗದ ಒಂದು ಪುಟ್ಟ ಕೋಣೆ, ಅದಕ್ಕೊಂದು ದಪ್ಪ ಗಾಜಿನ ಕಿಟಕಿ, ಹೊರಗೆ ಅವಳ ಮೇಜು. ಒಳಗೆ ಕೂತವರ ಹೆಡ್‌ಫೋನಿಗೆ ಅವಳು ಸಣ್ಣ ಸಣ್ಣ ಸ್ವರಗಳನ್ನು ಕಳಿಸುತ್ತಾಳೆ. ಕೇಳಿಸಿದಾಗ ಅವರು ಬಟನ್ ಒತ್ತಿದರೆ ಇವಳ ಮುಂದೆ ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಆ ಯಂತ್ರವನ್ನು ನಡೆಸುವುದು ಇದೇ ಕಂಪ್ಯೂಟರು.

ಹಾಗಾಗಿ ಅವಳ ಭಯ ಹುಚ್ಚು ಭಯವೇನಲ್ಲ. ಹೊಸ ಸಿಸ್ಟಮ್ ಬಂದ ಮೇಲೆ ಯಂತ್ರ ನಿಂತೇಹೋದರೆ ಚಿಂತೆಯಿಲ್ಲ, ಗೊತ್ತಾಗುತ್ತದೆ. ಆದರೆ ನಡೆಯುತ್ತಲೇ ಸ್ವರವನ್ನು ಕೊಂಚ ಏರುಪೇರು ಮಾಡಿದರೆ? ಯಾವುದೋ ಮಗುವಿಗೆ ಬೇಡದ ಶ್ರವಣ ಸಾಧನ ಹಾಕಿಸಿದ ಪಾಪ ಯಾರಿಗೆ? ಹಳೆಯದರಲ್ಲೇ ಉಳಿದರೂ ನೆಮ್ಮದಿಯಿಲ್ಲ. ಅದಕ್ಕಿನ್ನು ರಕ್ಷಣೆ ಸಿಗುವುದಿಲ್ಲವಂತೆ, ರೋಗಿಗಳ ವಿವರವೆಲ್ಲ ಬಾಗಿಲಿಲ್ಲದ ಮನೆಯಲ್ಲಿಟ್ಟಂತೆ. ಬೆಳಿಗ್ಗೆ 'ಹಾಕಿಸಿಬಿಡೋಣ' ಅನಿಸಿದ್ದು ಮಧ್ಯಾಹ್ನಕ್ಕೆ 'ಬೇಡಪ್ಪಾ' ಆಗುತ್ತಿತ್ತು. ಅವಳಿಗೆ ಅವಳ ಮೇಲೇ ಸಿಟ್ಟು ಬರುತ್ತಿತ್ತು.

"ಹಾಕಿಸೋದಾದ್ರೆ ಹಾಕಿಸು," ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು. "ಇಲ್ಲಾಂದ್ರೆ ಆ ಹುಡುಗನ್ನ ಅಲೆಸೋದು ಬಿಡು. ಕಂಪ್ಯೂಟರ್ ನಿಂದು, ತೀರ್ಮಾನಾನೂ ನಿಂದು. ನನ್ನನ್ನ ಕೇಳ್ಬೇಡ."

ಅವನು ಕುರ್ಚಿ ಎಳೆದುಕೊಂಡು ಕೂತ. "ಕೇಳಿ. ಹಾಕಿದ್ಮೇಲೆ ಹತ್ತು ದಿನ ಟೈಮ್ ಇರತ್ತೆ. ಇಷ್ಟ ಆಗ್ಲಿಲ್ವಾ, ಒಂದೇ ಬಟನ್. ಹಳೇದು ಹೇಗಿತ್ತೋ ಹಾಗೇ ವಾಪಸ್."

"ಹತ್ತು ದಿನ ಆದ್ಮೇಲೆ?"

"ಹಳೇದನ್ನ ಅದೇ ಅಳಿಸಿಬಿಡತ್ತೆ. ನಿಮ್ಮನ್ನ ಕೇಳಲ್ಲ."

ಬೇರೆಯವರು ಈ ಮಾತಿಗೆ ಹೆದರುತ್ತಿದ್ದರು. ಅವಳಿಗೆ ಸಮಾಧಾನವಾಯಿತು. ತಾನಾಗಿಯೇ ಆಗಿಬಿಡುವ ತೀರ್ಮಾನಗಳೆಂದರೆ ಅವಳಿಗೆ ಮೊದಲಿಂದಲೂ ಇಷ್ಟ. ಏನು ಓದಬೇಕೆಂಬುದನ್ನು ಅರ್ಜಿಯ ಕೊನೆಯ ದಿನ ತೀರ್ಮಾನಿಸಿತ್ತು. ಕೂದಲು ಕತ್ತರಿಸಬೇಕೋ ಬೇಡವೋ ಎಂದು ಯೋಚಿಸುತ್ತಾ ನಿಂತಿದ್ದಾಗ ಪಾರ್ಲರೇ ಬಾಗಿಲು ಹಾಕಿತ್ತು.

"ಆದ್ರೆ ದಿನಾ ಚೆಕ್ ಮಾಡ್ಬೇಕು," ಎಂದಳು. "ಈಗ ಹಳೇದರಲ್ಲಿ ಒಬ್ಬರ ಕಿವಿ ಅಳೀತೀನಿ. ಆಮೇಲೆ ದಿನಾ ಬೆಳಿಗ್ಗೆ ಅದೇ ಕಿವಿ. ಲೆಕ್ಕ ಹೊಂದಿದ್ರೆ ಮಾತ್ರ ಸಿಸ್ಟಮ್ ಸರಿ. ಅಲ್ಲೀವರೆಗೂ ರೋಗಿಗಳಿಗೆ ಅತ್ತೆ ಹತ್ರ ಇರೋ ಸಣ್ಣ ಮಷೀನು."

"ಯಾರ ಕಿವಿ?"

"ಗಾಜಿನ ಎರಡೂ ಕಡೆ ನಾನೇ ಇರಕ್ಕಾಗಲ್ಲ. ಅತ್ತೆ ಬಲಗಿವಿ ಮಂದ."

"ಕೇಳಿಸ್ತು!" ಎಂದರು ಅತ್ತೆ, ಪಕ್ಕದ ಕೋಣೆಯಿಂದ.

ಅವನು ತನ್ನ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡ. "ಇದು ನಡೆಯತ್ತಾ?"

ನಡೆಯಿತು. ಹಳೆಯ ಸಿಸ್ಟಮ್ಮಿನಲ್ಲಿ ಅವಳು ಕಳಿಸಬಲ್ಲ ಅತಿ ಸಣ್ಣ ಸ್ವರಕ್ಕೂ ಹಸಿರು ದೀಪ ಹೊತ್ತಿತು. "ಇಷ್ಟು ಒಳ್ಳೆ ಕಿವಿ ನಾನು ನೋಡೇ ಇಲ್ಲ," ಎಂದು ಬಾಯಿ ತಪ್ಪಿ ಅಂದುಬಿಟ್ಟಳು. ಅವನ ಕಿವಿಗಳು ಕೆಂಪಾದವು. ಅದನ್ನು ಮರೆಮಾಚಲು ಬ್ಯಾಗಿನಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದ. ಆ ಮಧ್ಯಾಹ್ನವೇ ಹೊಸ ಸಿಸ್ಟಮ್ ಬಂದು ಕೂತಿತು.

*

ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮೊದಲು ಅವನು ಬರುತ್ತಿದ್ದ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗುವ ತನಕ ಅವಳು ಒಂದು ಕಡೆ ಕೂರುತ್ತಿರಲಿಲ್ಲ. ಪೆನ್ನಿನ ಡಬ್ಬಿ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ. ಅವನು ಬಂದ ಮೇಲೆ, ಇಷ್ಟು ಬೇಗ ಯಾಕೆ ಬಂದ ಎಂಬಂತೆ ಮುಖ ಮಾಡುತ್ತಿದ್ದಳು.

ಪರೀಕ್ಷೆಗೆ ಕೂತವರು ಪರೀಕ್ಷಕಿಯತ್ತ ನೋಡುವಂತಿಲ್ಲ, ಕೈ ಆಡುವುದು ಕಂಡರೆ ಊಹಿಸಿ ಬಟನ್ ಒತ್ತುತ್ತಾರೆ. ಅದಕ್ಕೇ ಕುರ್ಚಿ ಗೋಡೆಯ ಕಡೆಗಿರುತ್ತದೆ. ಅವಳಿಗೆ ಕಾಣುತ್ತಿದ್ದುದು ಅವನ ಒಂದು ಕಿವಿ, ಕತ್ತು, ಕಾಲರಿನ ಮೇಲೆ ಮೊಂಡು ಹಿಡಿದು ನಿಂತ ಒಂದು ಗುಂಗುರು ಕೂದಲು. ಆ ಕೂದಲನ್ನು ಒತ್ತಿ ಕೂರಿಸಬೇಕೆಂದು ಅವಳ ಬೆರಳು ತುಡಿಯುತ್ತಿತ್ತು. ದಿನದಿನದ ಲೆಕ್ಕವೂ ಹಳೆಯದಕ್ಕೆ ಸರಿಯಾಗಿ ಹೊಂದುತ್ತಿತ್ತು.

"ಗೋಡೆ ನೋಡಿ ನೋಡಿ ಸಾಕಾಯ್ತು," ಎಂದ ಅವನು ಒಂದು ಬೆಳಿಗ್ಗೆ, ಒಳಗಿನ ಮೈಕಿನಲ್ಲಿ. "ಪೇಂಟ್ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಅಂತ ಬಾಯಿಪಾಠ ಆಗಿದೆ. ತಿರುಗಿ ಕೂರ್ಲಾ?"

ಕತ್ತು ಇಷ್ಟೇ ಇಷ್ಟು ತಿರುಗಿಸಿದ ರೋಗಿಗಳಿಗೂ ಗದರುವವಳು ಅವಳು. ಬೇಡ ಎನ್ನಬೇಕಿತ್ತು.

"ತಿರುಗಿ, ಪರವಾಗಿಲ್ಲ," ಎಂದಳು.

ಅವನು ತಿರುಗಿದ. ಅವಳು ಪರದೆಯಲ್ಲೇ ಮುಖ ಹುದುಗಿಸಿ ಸ್ವರ ಕಳಿಸತೊಡಗಿದಳು. ಒಂದೆರಡು ಸಲ ಕಣ್ಣೆತ್ತಿದಾಗ ಅವನು ನೋಡುತ್ತಲೇ ಇದ್ದ. ಅವಳು ಹುಬ್ಬೇರಿಸಿದರೆ ಅವನೂ ಏರಿಸಿದ. ಅವಳು ತುಟಿ ಕಚ್ಚಿ ನಗು ನುಂಗಿದರೆ ಅವನು ಧಾರಾಳವಾಗಿ ನಕ್ಕ. ಪರೀಕ್ಷೆ ಮುಗಿಯಬಾರದಿತ್ತು ಎನಿಸಿತು ಅವಳಿಗೆ.

ಮುಗಿದ ಮೇಲೆ ಗ್ರಾಫ್ ನೋಡಿದಳು. ಎಷ್ಟೋ ಸಣ್ಣ ಸ್ವರಗಳಿಗೆ ದೀಪವೇ ಹೊತ್ತಿರಲಿಲ್ಲ, ಅದು ಅವಳ ಗಮನಕ್ಕೇ ಬಂದಿರಲಿಲ್ಲ. ಮರುದಿನವೂ ಅವನು ತಿರುಗಿಯೇ ಕೂತ, ಅವತ್ತೂ ಅದೇ ಕಥೆ.

"ಹೊಸ ಸಿಸ್ಟಮ್ ಸ್ವರ ತಿಂತಾ ಇದೆ," ಎಂದಳು ಅವಳು. "ನಾನು ಹೇಳಿರ್ಲಿಲ್ವಾ? ಹಿಂದಕ್ಕೆ ಹೋಗ್ಬೇಕು."

ಅವನು ತನ್ನ ಕಡೆಯ ತಂತಿ, ಸೆಟಿಂಗು ಎಲ್ಲ ನೋಡಿದ. ತಪ್ಪು ಸಿಗಲಿಲ್ಲ. "ನಾಳೆ ಹತ್ತನೇ ದಿನ. ನಾಳೆ ತೀರ್ಮಾನ ಮಾಡೋಣ," ಎಂದು ಹೆಲ್ಮೆಟ್ ಎತ್ತಿಕೊಂಡವನು ಮತ್ತೆ ಕೆಳಗಿಟ್ಟ. "ಇನ್ನೊಂದು ವಿಷಯ. ನಾನು ಕೆಲಸ ಮಾಡೋ ಕಂಪನಿಯೋರು ನನ್ನನ್ನ ಬೇರೆ ಊರಿಗೆ ಕಳಿಸ್ತೀವಿ ಅಂತಿದಾರೆ. ದೊಡ್ಡ ಕೆಲಸ. ಒಪ್ಕೋತೀನೋ ಇಲ್ವೋ ಅಂತ ನಾಳೆ ಹೇಳ್ಬೇಕು."

"ಒಳ್ಳೇದಾಯ್ತಲ್ಲ," ಎಂದಿತು ಅವಳ ಬಾಯಿ.

"ಇಲ್ಲೇ ಇರಕ್ಕೆ ಒಂದು ಕಾರಣ ಇದ್ರೆ ಇರ್ತೀನಿ." ಅವನ ಮುಖದಲ್ಲಿ ಈಗ ತಮಾಷೆ ಇರಲಿಲ್ಲ. "ಇದೆಯಾ?"

ಅವಳ ನಾಲಗೆಯ ತುದಿಗೆ ಬಂದದ್ದು ಒಂದು, ಹೊರಬಿದ್ದದ್ದು ಇನ್ನೊಂದು. "ಆಮೇಲೆ ಹೇಳ್ತೀನಿ."

ಅವನು ತಲೆಯಾಡಿಸಿದ. "ಸಿಸ್ಟಮ್‌ಗೆ ನೀವು ಏನೂ ಹೇಳ್ದೇ ಇದ್ರೆ ಹೊಸದೇ ಉಳ್ಕೊಳ್ಳತ್ತೆ. ನನ್ನ ವಿಷಯ ಹಾಗಲ್ಲ. ಏನೂ ಹೇಳ್ದೇ ಇದ್ರೆ ನಾನು ಹೊರಟುಹೋಗ್ತೀನಿ."

ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಕರೆಯಬೇಕೆಂದು ಎದ್ದವಳು ಕುರ್ಚಿಯ ಬೆನ್ನು ಹಿಡಿದು ಸುಮ್ಮನೆ ನಿಂತಳು.

ಆ ದಿನ ಅವಳಿಂದ ಒಂದು ಕೆಲಸವೂ ನೆಟ್ಟಗೆ ಆಗಲಿಲ್ಲ. ರೋಗಿಯ ಎಡಗಿವಿಗೆ ಬಲಗಿವಿ ಎಂದು ಬರೆದು ಹೊಡೆದುಹಾಕಿದಳು. ಸಂಜೆ ಬಸ್ಸಿಗೆ ಕಾಯಲಾರದೆ ನಡೆದುಬಿಟ್ಟಳು, ಅರ್ಧ ದಾರಿಯಲ್ಲಿ ನಿಂತು ಅವನಿಗೆ ಮೆಸೇಜು ಬರೆದಳು, ಅಳಿಸಿದಳು. ಇವನು ಹೋದರೆ ಏನಾಗುತ್ತದೆ? ಕಂಪ್ಯೂಟರಿಗೆ ಇನ್ನೊಬ್ಬ ಬರುತ್ತಾನೆ. ಆದರೆ ಆ ಇನ್ನೊಬ್ಬನ ಹೆಜ್ಜೆ ಸದ್ದಿಗೆ ಪೆನ್ನಿನ ಡಬ್ಬಿ ಎಡಕ್ಕೂ ಬಲಕ್ಕೂ ಓಡಾಡುವುದಿಲ್ಲ. ತನಗೆ ಇವನು ಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಹೇಳಲಾಗದ್ದೇ ಸಂಕಟ.

*

ಬೆಳಿಗ್ಗೆ ಅವಳು ಗ್ರಾಫುಗಳನ್ನು ಅತ್ತೆಯ ಮುಂದೆ ಹರಡಿದಳು. "ಅತ್ತೆ, ಹಳೇದಕ್ಕೇ ಹೋಗ್ತೀನಿ."

ಅತ್ತೆ ಕನ್ನಡಕ ಏರಿಸಿ ನೋಡಿದರು. "ಸಿಸ್ಟಮ್ ಕೆಟ್ಟಿದ್ರೆ ದಿನಾ ಒಂದೇ ಅಳತೆಗೆ ಕೆಡಬೇಕು ಕಣೇ. ಇದು ನೋಡು, ಒಂದೇ ಸ್ವರಕ್ಕೆ ಒಮ್ಮೆ ಒತ್ತಿದಾನೆ, ಒಮ್ಮೆ ಇಲ್ಲ. ಇದು ಗಮನ ಇಲ್ಲದೋರ ಗ್ರಾಫು." ಕಾಗದದಿಂದ ತಲೆಯೆತ್ತಿದರು. "ಕುರ್ಚಿ ಯಾವ ಕಡೆ ತಿರುಗಿತ್ತು?"

ಅವಳು ಗ್ರಾಫುಗಳನ್ನು ಒಟ್ಟುಮಾಡತೊಡಗಿದಳು. ಕೆನ್ನೆ ಬಿಸಿಯಾಯಿತು.

"ಅಯ್ಯೋ ನನ್ನ ತಾಯಿ," ಎಂದು ಅತ್ತೆ ಕನ್ನಡಕ ತೆಗೆದಿಟ್ಟು ನಗತೊಡಗಿದರು. "ಇದಕ್ಕೆ ನೀನು ಇಡೀ ಕಂಪ್ಯೂಟರ್ ಹಿಂದಕ್ಕೆ ಕಳಿಸ್ತಿದ್ಯಾ?"

ಅವನು ಬಂದದ್ದು ತಡವಾಗಿ. ಹೊರಗೆ ಬೆಂಚುಗಳ ಮೇಲೆ ಆಗಲೇ ರೋಗಿಗಳು ತುಂಬಿದ್ದರು. ಅವನದು ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

"ಹಿಂದಕ್ಕೆ ಹೋಗೋ ಬಟನ್ ಒತ್ತೋದಾ?" ಎಂದು ಕೇಳಿದ.

"ಒಂದ್ಸಲ ಕೂತ್ಕೊಳ್ಳಿ. ಗೋಡೆ ಕಡೆ."

ಅವನು ಗೋಡೆಗೆ ಮುಖ ಮಾಡಿ ಕೂತ. ಅವಳು ಸ್ವರ ಇಳಿಸುತ್ತಾ ಹೋದಳು. ಹಸಿರು ದೀಪ ಒಂದೂ ತಪ್ಪದೆ ಹೊತ್ತಿತು, ಅತಿ ಸಣ್ಣದಕ್ಕೂ. ಅವಳು ಒಂದು ಕ್ಷಣ ಕೈ ಮಡಚಿ ಕೂತಳು. ಆಮೇಲೆ ಸಿಸ್ಟಮ್ಮಿನ ಸೆಟಿಂಗು ತೆರೆದು, ಹಳೆಯದನ್ನು ಅದು ತಾನಾಗಿ ಅಳಿಸುವ ತನಕ ಕಾಯದೆ, ತಾನೇ ಅಳಿಸಿದಳು. ನಿಜವಾಗಿಯೂ ಅಳಿಸಬೇಕೆ ಎಂದು ಅದು ಕೇಳಿತು. ಹೌದು ಎಂದು ಒತ್ತಿದಳು.

ಮೈಕು ಹತ್ತಿರಕ್ಕೆ ಎಳೆದುಕೊಂಡಳು. "ಸಿಸ್ಟಮ್ ಸರಿಯಾಗಿದೆ."

"ಮತ್ತೆ ಆ ಎರಡು ದಿನ?"

"ಆ ಎರಡು ದಿನ ನೀವು ನನ್ನ ಕಡೆ ತಿರುಗಿದ್ರಿ."

ಒಳಗೆ ನಿಧಾನವಾಗಿ ಕುರ್ಚಿ ತಿರುಗಿತು. ಅವನ ಕಿವಿಗಳು ಮತ್ತೆ ಕೆಂಪಾಗಿದ್ದವು. "ಬೆರಳು ಬಟನ್ ಮೇಲೇ ಇತ್ತು," ಎಂದ. "ನಿಮ್ಮನ್ನ ನೋಡ್ತಾ ಕೂತೆ. ಸ್ವರ ಬಂತೋ ಹೋಯ್ತೋ ನಂಗೊತ್ತಿಲ್ಲ. ಅದನ್ನ ಹೇಳಕ್ಕೆ ನಾಚಿಕೆ ಆಯ್ತು."

ಅವಳು ಮೈಕಿಗೆ ತುಟಿ ತಾಗುವಷ್ಟು ಬಾಗಿದಳು. "ಹೋಗ್ಬೇಡಿ."

ಅವನು ಹೆಡ್‌ಫೋನ್ ಒತ್ತಿ ಹಿಡಿದ. "ಏನಂದ್ರಿ? ಕೇಳಿಸ್ಲಿಲ್ಲ."

ಧ್ವನಿಯ ಗುಂಡಿ ತೀರಾ ಕೆಳಗಿತ್ತು. ತಿರುಗಿಸಿದ್ದರೆ ಸಾಕಿತ್ತು. ಆದರೆ ಅವಳಿಗೆ ಇನ್ನು ಗುಂಡಿ, ಗಾಜು, ಮೈಕು ಯಾವುದರ ಸಹವಾಸವೂ ಬೇಕಿರಲಿಲ್ಲ. ಎದ್ದವಳೇ ಆ ಭಾರದ ಬಾಗಿಲನ್ನು ಎರಡೂ ಕೈಯಲ್ಲಿ ಎಳೆದು ತೆಗೆದಳು.

"ಹೋಗ್ಬೇಡಿ ಅಂದೆ! ಇಲ್ಲೇ ಇರಿ. ಕಾರಣ ಕೇಳಿದ್ರಲ್ಲ, ನಾನೇ ಕಾರಣ. ನಂಗೆ ನೀವು ಬೇಕು. ಆಮೇಲೆ ಅಲ್ಲ, ಈಗ!"

ಹೊರಗಿನ ಬೆಂಚುಗಳಲ್ಲಿ ಮಾತು ನಿಂತುಹೋಯಿತು. ಆಗಿನಿಂದ ತನ್ನ ಸರದಿ ಕರೆದರೂ ಕೇಳಿಸದೆ ಕೂತಿದ್ದ ಅಜ್ಜರೊಬ್ಬರು ಸೊಸೆಯ ಮೊಣಕೈ ತಿವಿದರು. "ಹೋಗ್ಬೇಡಿ ಅಂತಿದಾಳೆ," ಎಂದರು ಗಟ್ಟಿಯಾಗಿ. "ನಂಗೆ ಸ್ಪಷ್ಟವಾಗಿ ಕೇಳಿಸ್ತು!"

ಅವಳಿಗೆ ನೆಲ ಬಾಯಿಬಿಡಬಾರದೆ ಅನಿಸಿತು. ಅವನು ಹೆಡ್‌ಫೋನ್ ತೆಗೆದು ಎದ್ದು ಬಂದ. ಕಣ್ಣು ತುಂಬಿದ್ದರೂ ಮುಖದಲ್ಲಿ ಆ ಪಟ್ಟು ಬಿಡದ ನಗು ಮರಳಿತ್ತು.

"ಇಷ್ಟು ಜೋರಾಗಿ ಹೇಳ್ಬೇಕಿರ್ಲಿಲ್ಲ," ಎಂದ ಮೆಲ್ಲಗೆ. "ಮೊದಲನೇ ಸಲಾನೇ ಕೇಳಿಸಿತ್ತು."

"ಮತ್ತೆ ಕೇಳಿಸ್ಲಿಲ್ಲ ಅಂದ್ರಿ?"

"ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು."

ಅವಳು ಅವನ ತೋಳಿಗೊಂದು ಏಟು ಕೊಟ್ಟಳು. ಆಮೇಲೆ ಅದೇ ತೋಳನ್ನು ಹಿಡಿದುಕೊಂಡು, ಅವನೊಬ್ಬನಿಗೆ ಕೇಳಿಸುವಷ್ಟು, ಮತ್ತೊಮ್ಮೆ ಹೇಳಿದಳು.